ನಾನು ಸರ್ ಆಗಿದ್ದ ಕಾಲ

ಹನ್ನೊಂದು ತಿಂಗಳು ನಾನು ಗಂಡಸಾಗಿದ್ದೆ. ಗಾಬರಿಯಾಗಬೇಡಿ, ವೇಷ ಹಾಕಿರಲಿಲ್ಲ, ಮೀಸೆ ಅಂಟಿಸಿಕೊಂಡಿರಲಿಲ್ಲ. ಹೊಸಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ವಸುಧಾ ಟೀಚರ್ ಆಗಿ, ದಿನಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಸ್ಕೂಲಿಗೆ ಓಡುತ್ತಲೇ ಇದ್ದೆ. ಆದರೆ ಇಂಟರ್‌ನೆಟ್ಟಿನಲ್ಲಿ ಒಂದು ಕೂಟವಿತ್ತು. ಮನೆಯ ಕಂಪ್ಯೂಟರನ್ನು ತಾವೇ ಬಿಚ್ಚಿ, ತಾವೇ ಜೋಡಿಸಿ, ಅದರಲ್ಲೇ ಸುಖಪಡುವವರ ಕೂಟ. ಅಲ್ಲಿ ಎಲ್ಲರೂ ನನ್ನನ್ನು ಸರ್ ಅನ್ನುತ್ತಿದ್ದರು. ನಾನೂ ಓಗೊಡುತ್ತಿದ್ದೆ.

ಇದಕ್ಕೆಲ್ಲ ಮೂಲ ಧೂಳು. ಆ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳು ಲಾರಿ ಹತ್ತಿ ನಮ್ಮೂರಿನ ಮೇಲೆಯೇ ಹಾದುಹೋಗುತ್ತಿದ್ದವು. ಲಾರಿ ಹೋಗುತ್ತಿತ್ತು, ಅದಿರಿನ ಪುಡಿ ಉಳಿಯುತ್ತಿತ್ತು. ಬಾಗಿಲಿಗೆ ನೀರು ಹಾಕಿದರೆ ಹರಿಯುವುದು ಕೆಂಪು ನೀರು. ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮವರು ಪೂಜೆಗೆ ಉಡುವ ಬಿಳಿ ಪಂಚೆ ಒಗೆದಷ್ಟೂ ಸನ್ಯಾಸಿಗಳ ಬಣ್ಣಕ್ಕೆ ತಿರುಗುತ್ತಿತ್ತು. ಇದನ್ನೇ ಪಾಠ ಮಾಡೋಣ ಅಂತ ನಾನೂ ನನ್ನ ವಿಜ್ಞಾನ ಸಂಘದ ಹುಡುಗಿಯರೂ ಒಂದು ಕೆಲಸ ಹಿಡಿದೆವು. ದಿನಾ ಬೆಳಿಗ್ಗೆ ಸ್ಕೂಲಿನ ಮಾಳಿಗೆ ಮೇಲೆ ಒಂದು ಒದ್ದೆ ಬಿಳಿ ಕರವಸ್ತ್ರ ಕಟ್ಟುವುದು, ಸಂಜೆ ಬಿಚ್ಚಿ ಅದರ ಫೋಟೋ ತೆಗೆಯುವುದು, ಆ ಫೋಟೋ ನನ್ನ ಮನೆಯ ಕಂಪ್ಯೂಟರಿಗೆ ಸೇರಿಸುವುದು. ಯಾವ ದಿನ ಎಷ್ಟು ಕೆಂಪು ಎಂದು ಯಾರೂ ವಾದ ಮಾಡುವ ಹಾಗಿಲ್ಲ, ಬಟ್ಟೆಯೇ ಹೇಳುತ್ತದೆ.

ಆ ಧೂಳು ನನ್ನ ಕಂಪ್ಯೂಟರಿನ ಒಳಗೂ ಇಳಿಯುತ್ತಿದೆ ಅನ್ನುವುದು ವಿಜ್ಞಾನದ ಟೀಚರಿಗೆ ಹೊಳೆಯಲಿಲ್ಲ. ಅದು ಹತ್ತು ನಿಮಿಷ ಓಡಿ ತಾನೇ ಆರಿಹೋಗತೊಡಗಿತು. ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಅಂಗಡಿಯಾತ ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಇಣುಕಿ ನೋಡಿದ.

"ಸರ್ ಬರ್ಲಿಲ್ಲೇನ್ರಿ ಮೇಡಮ್?"

"ಇಲ್ಲ. ಏನಾಗೇದ ಹೇಳ್ರಿ."

"ಸರ್‌ನ ಕಳಿಸ್ರಿ, ಅವ್ರಿಗೆ ಹೇಳ್ತೀನಿ. ನಿಮಗ್ಯಾಕ ಅದೆಲ್ಲ ತಲಿನೋವು?"

ನಮ್ಮವರು ಹೋದರು. ಸಜ್ಜನರು, ಆದರೆ ಟಾರ್ಚಿಗೆ ಸೆಲ್ಲು ಹಾಕುವಾಗಲೂ ಯಾವ ಕಡೆ ಮೇಲೆ ಎಂದು ನನ್ನನ್ನೇ ಕೇಳುವವರು. ತಿರುಗಿ ಬಂದು, "ಒಳಗ ಏನೋ ಹೋಗೇದಂತ" ಅಂದರು.

"ಏನು ಹೋಗೇದ?"

"ಅದನ್ನ ಕೇಳಲಿಲ್ಲ."

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸ್ಟೇಷನ್ ರಸ್ತೆಯ ಇಂಟರ್‌ನೆಟ್ ಸೆಂಟರಿಗೆ ಹೋಗಿ ಕೂತು, ಹುಡುಕಿ ಹುಡುಕಿ ಆ ಕೂಟದ ಬಾಗಿಲು ತಟ್ಟಿದೆ. ಹೆಸರು ಕೇಳಿತು. ವಸುಧಾ ಎಂದು ಬರೆಯಲು ಹೊರಟವಳಿಗೆ ಅಂಗಡಿಯಾತನ ಇಣುಕುನೋಟ ನೆನಪಾಯಿತು. 'ವಿ. ಕೆ., ಹೊಸಪೇಟೆ' ಎಂದು ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುಂದಿನದನ್ನು ಓದುವವರೇ ತುಂಬಿಕೊಂಡರು.

ಹೊಸಬರು ತಮ್ಮ ಪರಿಚಯ ಹೇಳಿಕೊಳ್ಳಬೇಕು ಅನ್ನುವುದು ಅಲ್ಲಿಯ ನಿಯಮ. ಆಗ ಅಲ್ಲಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದರು. ನಾನು ಕರಿಹಲಗೆಯ ಮೇಲೆ ಬರೆಯುವವಳು, ಹಿಂದಿನ ಬೆಂಚಿಗೂ ಕಾಣಲಿ ಎಂದು ನನ್ನ ಊರು, ಯಂತ್ರ ಯಾಕೆ ಆರಿಹೋಗುತ್ತದೆ ಅನ್ನುವ ಪ್ರಶ್ನೆ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹೊಡೆದು ಕಳಿಸಿದೆ. ಮರುದಿನ ಓಡೋಡಿ ಹೋಗಿ ನೋಡಿದರೆ ಮೊದಲ ಉತ್ತರ: 'ಸ್ವಾಗತ ಸರ್. ದಯವಿಟ್ಟು ಕೂಗಬೇಡಿ.' ದೊಡ್ಡಕ್ಷರದಲ್ಲಿ ಬರೆದರೆ ಕೂಗಿದ ಹಾಗಂತೆ! ಇಪ್ಪತ್ತೆರಡು ವರ್ಷ ಮಕ್ಕಳಿಗೆ ಕೂಗಬೇಡಿ ಎಂದವಳು ನಾನು. ಎರಡನೆಯ ಉತ್ತರ: 'ಈ ಪ್ರಶ್ನೆಗೆ ಹಿಂದೆಯೇ ಉತ್ತರ ಇದೆ. ಮೊದಲು ಹುಡುಕಿ, ಆಮೇಲೆ ಕೇಳಿ.' ಹಿಂದೆ ಗುರುಕುಲಕ್ಕೆ ಹೋದ ಶಿಷ್ಯ ಮೊದಲು ವರ್ಷಗಟ್ಟಲೆ ಕಟ್ಟಿಗೆ ಹೊರಬೇಕಿತ್ತಂತೆ. ಇದೂ ಕಟ್ಟಿಗೆಯೇ ಅಂದುಕೊಂಡು ಹಳೆಯ ಸಾವಿರಾರು ಪತ್ರಗಳನ್ನು ಓದತೊಡಗಿದೆ.

ಓದಿದರೂ ನೆಮ್ಮದಿ ಇರಲಿಲ್ಲ. ಪ್ರಶ್ನೆ ಹಾಕಿದ ಮೇಲೆ ಉತ್ತರ ಬರುವ ತನಕ ನಾನು ಮನುಷ್ಯಳಾಗಿ ಉಳಿಯುತ್ತಿರಲಿಲ್ಲ. ತರಗತಿಯಲ್ಲಿ ಬೆಳಕಿನ ವಕ್ರೀಭವನ ಹೇಳುತ್ತ ಕಿಟಕಿಯಾಚೆ ಸೆಂಟರಿನ ದಿಕ್ಕು ನೋಡುವುದು. ಸಾರಿಗೆ ಎರಡು ಸಲ ಉಪ್ಪು ಹಾಕುವುದು. ಸಂಸ್ಕೃತದಲ್ಲಿ ರಜಸ್ಸು ಅಂದರೆ ಧೂಳು. ಮನುಷ್ಯನನ್ನು ಕೂತಲ್ಲಿ ಕೂರಲು ಬಿಡದ ಗುಣಕ್ಕೂ ಅದೇ ರಜಸ್ಸು. ಎರಡಕ್ಕೂ ಒಂದೇ ಹೆಸರು ಇಟ್ಟವರು ಒಮ್ಮೆಯಾದರೂ ನಮ್ಮ ಹೊಸಪೇಟೆ ಬೈಪಾಸಿನಲ್ಲಿ ನಿಂತಿರಬೇಕು ಎಂದು ನನ್ನ ಬಲವಾದ ಅನುಮಾನ.

ಐದನೆಯ ದಿನ ಒಂದು ಉತ್ತರ ಬಂತು. ಬರೆದವರ ಹೆಸರು 'ಸೋನಾಮಸೂರಿ'. ಕೂಟದಲ್ಲಿ ಅವರಿಗೆ ಭಾರಿ ಮರ್ಯಾದೆ, ಎಲ್ಲರೂ ಸೋನಾ ಸರ್ ಅನ್ನುತ್ತಿದ್ದರು. 'ವಿ. ಕೆ. ಸರ್, ಹೊಸಪೇಟೆ ಅಂದಮೇಲೆ ಅದಿರಿನ ಧೂಳು. ಊದಬೇಡಿ, ಊದಿದರೆ ಇನ್ನೂ ಒಳಗೆ ಹೋಗುತ್ತದೆ. ಪೇಂಟಿನ ಮೆತ್ತನೆ ಬ್ರಷ್ಷಿನಿಂದ ಫ್ಯಾನು ಗುಡಿಸಿ. ಮೆಮೊರಿ ಪಟ್ಟಿ ತೆಗೆದು, ಅದರ ಬಂಗಾರದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ. ನನ್ನ ಕಡೆ ಅಕ್ಕಿ ತೌಡಿನ ಧೂಳು, ನಾನೂ ಹಾಗೇ ಮಾಡುತ್ತೇನೆ.'

ರಬ್ಬರು! ನನ್ನ ಬ್ಯಾಗಿನಲ್ಲಿ ರಬ್ಬರಿಗೆ ಬರವೇ? ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಯಂತ್ರವನ್ನು ಬಿಚ್ಚಿ ಹರಡಿದೆ. ಒಳಗೆ ಸಂಡೂರು ಗುಡ್ಡದ ಒಂದು ಸಣ್ಣ ಭಾಗವೇ ಇತ್ತು. ನಮ್ಮವರು ಬಾಗಿಲಲ್ಲಿ ನಿಂತು, "ತಿರುಗಿ ಕೂಡಸಾಕ ಬರ್ತದನು?" ಅಂದರು. "ಗೊತ್ತಿಲ್ಲ" ಅಂದೆ. ಗುಡಿಸಿದೆ, ಉಜ್ಜಿದೆ, ಕೂಡಿಸಿದೆ, ಬಟನ್ ಒತ್ತಿದೆ. ಓಡಿತು. ನಾನು ಕುಣಿದೆ ಅಂತ ನಮ್ಮವರು ಇವತ್ತಿಗೂ ಹೇಳುತ್ತಾರೆ. ಎದ್ದು ನಿಂತದ್ದು ಮಾತ್ರ ನಿಜ.

ಆಮೇಲೆ ಮನೆಗೇ ಇಂಟರ್‌ನೆಟ್ ಬಂತು. ನಿಧಾನಕ್ಕೆ ನಾನೇ ಹೊಸಬರಿಗೆ ಉತ್ತರ ಬರೆಯುವಷ್ಟಾದೆ. 'ಮೊದಲು ಹುಡುಕಿ, ಆಮೇಲೆ ಕೇಳಿ' ಎಂದು ಗದರುವಷ್ಟೂ ಆದೆ. ಸರ್ ಎನ್ನಿಸಿಕೊಳ್ಳುವುದು ಮೊದಮೊದಲು ತಮಾಷೆಯಾಗಿತ್ತು, ಆಮೇಲೆ ರೂಢಿಯಾಯಿತು, ಆಮೇಲೆ ಚಪ್ಪಲಿಯೊಳಗಿನ ಸಣ್ಣ ಕಲ್ಲಾಯಿತು. ನಡೆಯಬಹುದು, ಆದರೆ ಮರೆಯುವ ಹಾಗಿಲ್ಲ.

ಅಷ್ಟರಲ್ಲಿ ನಮ್ಮ ಕರವಸ್ತ್ರಗಳನ್ನು ಬಳ್ಳಾರಿಯ ವಿಜ್ಞಾನ ಪ್ರದರ್ಶನಕ್ಕೆ ಆರಿಸಿದರು. ಇನ್ನು ಎಂಟೇ ದಿನ ಇದೆ ಎನ್ನುವಾಗ ಯಂತ್ರ ಚಾಲೂ ಆಯಿತು, ಆದರೆ ಹಾರ್ಡ್ ಡಿಸ್ಕ್ ಇಲ್ಲ ಎಂದಿತು. ಒಂದೂವರೆ ವರ್ಷದ ಫೋಟೋಗಳೆಲ್ಲ ಅದರಲ್ಲೇ. ಬೇರೆ ಕಡೆ ಪ್ರತಿ ಇಟ್ಟಿದ್ದೀರಾ ಅಂತ ಕೇಳಬೇಡಿ. ಊರವರಿಗೆಲ್ಲ ಪ್ರತಿ ಇಡಿ ಎಂದು ಬುದ್ಧಿ ಹೇಳುವ ವಿ. ಕೆ. ಸರ್ ತಾವು ಇಟ್ಟಿರಲಿಲ್ಲ. ಕರವಸ್ತ್ರಗಳನ್ನು ಹುಡುಗಿಯರು ದಿನಾ ಒಗೆದು ಮತ್ತೆ ಕಟ್ಟುತ್ತಿದ್ದರು. ಒಗೆದ ಬಟ್ಟೆ ಯಾವ ಸಾಕ್ಷಿ ಹೇಳುತ್ತದೆ? ಅವರ ಮುಖ ನೋಡಲಾರದೆ ಎರಡು ದಿನ ಹೊಟ್ಟೆನೋವು ಎಂದು ಸುಳ್ಳು ಹೇಳಿದೆ.

ಇಂಟರ್‌ನೆಟ್ ಸೆಂಟರಿಗೆ ಮತ್ತೆ ಓಡಿ ಸೋನಾ ಸರ್‌ಗೆ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ. 'ನಿಮ್ಮ ಯಂತ್ರದ್ದೇ ದೋಷ ಇರಬಹುದು. ಡಿಸ್ಕನ್ನು ನನ್ನ ಯಂತ್ರಕ್ಕೆ ಜೋಡಿಸಿ ನೋಡೋಣ. ನಾನಿರುವುದು ಕಂಪ್ಲಿ. ತನ್ನಿ.'

ಕಂಪ್ಲಿ! ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇದ್ದಾರೆಂದುಕೊಂಡಿದ್ದ ಗುರುಗಳು ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಸಂತೋಷಪಡುವ ಬದಲು ಲೆಕ್ಕ ಹಾಕತೊಡಗಿದೆ. ಹೋದರೆ ಗುಟ್ಟು ಬಯಲು. ಹೋಗದಿದ್ದರೆ ಹುಡುಗಿಯರ ಕೆಲಸ ಹಾಳು. ಕೊನೆಗೆ ಒಂದು ಹೇಡಿ ಉಪಾಯ ಹೂಡಿದೆ. "ನೀವೇ ವಿ. ಕೆ. ಆಗಿಬಿಡ್ರಿ" ಎಂದೆ ನಮ್ಮವರಿಗೆ. ಅವರ ಹೆಸರು ಶ್ರೀನಿವಾಸ.

"ಏನರ ಕೇಳಿದ್ರ?"

"ತಲಿ ಅಲ್ಲಾಡಸ್ರಿ. ಅಂಗಡಿಯಾಗ ಅಲ್ಲಾಡಿಸಿದ್ರಲ್ಲ, ಹಂಗ."

ಶನಿವಾರ ಸ್ಕೂಲು ಮುಗಿಸಿ ಬಸ್ಸು ಹತ್ತಿದೆವು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡೆ. ಕಮಲಾಪುರ ದಾಟಿದ ಮೇಲೆ ಬಾಳೆತೋಟ, ಗದ್ದೆ. ಎಲೆಗಳು ಹಸಿರಾಗಿರುತ್ತವೆ ಅನ್ನುವುದು ಎಷ್ಟೋ ದಿನದ ಮೇಲೆ ಗೊತ್ತಾದಂತೆ ನೋಡಿದೆ.

ವಿಳಾಸ ಹಿಡಿದು ಹೋದರೆ ಅದೊಂದು ಅಕ್ಕಿ ಗಿರಣಿ. ಗಲ್ಲಾದ ಹತ್ತಿರ ವಿಭೂತಿ ಹಚ್ಚಿದ ಹಿರಿಯರೊಬ್ಬರು ಎದ್ದು ಬಂದರು. "ಬರ್ರಿ ಬರ್ರಿ, ಹೊಸಪ್ಯಾಟಿ ಸರ್ ಅಲ್ಲೇನ್ರಿ? ಕುಂದ್ರಿ" ಎಂದು ನಮ್ಮವರ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ನಮ್ಮವರು ತಲೆ ಅಲ್ಲಾಡಿಸಿದರು. ಇವರೇ ಸೋನಾ ಸರ್ ಎಂದು ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

"ಹಾರ್ಡ್ ಡಿಸ್ಕು..." ಅಂದರು ನಮ್ಮವರು.

"ಹೌದು ಹೌದು, ಡಿಸ್ಕು" ಅಂದರು ಹಿರಿಯರು. "ಭಾಳ ಹಾರ್ಡ್ ಇರ್ತದಂತ."

"ಹೌದ್ರಿ. ಭಾಳ."

ಇಬ್ಬರ ಮಾತೂ ಬೇರೆ ಕಡೆ ಹೊರಳಿತು. ಮಳೆ, ಹೊಳೆಯ ನೀರು, ಭತ್ತದ ತಳಿ ಎಲ್ಲ ಮುಗಿದವು. ನನಗೆ ತಡೆಯಲಾಗಲಿಲ್ಲ. ಆಗ ಚಹಾದ ತಟ್ಟೆ ಹಿಡಿದು ಮೂವತ್ತೈದರ ಸುಮಾರಿನ ಹೆಣ್ಣುಮಗಳೊಬ್ಬಳು ಒಳಗಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ತಟ್ಟೆ ಮೇಜಿನ ಮೇಲಿಟ್ಟವಳು ನನ್ನ ತೊಡೆಯ ಮೇಲಿನ ಗಂಟು ನೋಡಿ, ತಡೆಯಲಾರದೆ ಕೇಳಿದಳು.

"ಜಂಪರ್ ತೆಗದೀರೇನ್ರಿ?"

ಜಂಪರ್ ಅಂದರೆ ಡಿಸ್ಕಿನ ಹಿಂಬದಿಯ ಒಂದು ಪುಟಾಣಿ ಬಿರಡೆ. ಬೇರೆ ಯಂತ್ರಕ್ಕೆ ಜೋಡಿಸುವಾಗ ಅದರ ಜಾಗ ಬದಲಿಸಬೇಕು. ಅವಳು ಕೇಳಿದ್ದು ನಮ್ಮವರನ್ನು. ಉತ್ತರ ಬಾಯಿಗೆ ಬಂದದ್ದು ನನಗೆ.

"ಬದಲಿ ಮಾಡೇ ತಂದೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳ ಕಣ್ಣು ಅಗಲವಾಯಿತು.

"ವಿ. ಕೆ. ಸರ್?"

"ಸೋನಾ ಸರ್?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನನಗೂ ನಗು ಬಂದು, ಡಿಸ್ಕು ಜಾರೀತೆಂದು ನಮ್ಮವರು ಅದನ್ನು ಹಿಡಿದುಕೊಂಡರು. ಅವಳ ಹೆಸರು ಗಿರಿಜಾ, ಆ ಮನೆಯ ಸೊಸೆ. ಗಿರಣಿಯ ಕಂಪ್ಯೂಟರ್ ಕೆಟ್ಟಾಗಲೆಲ್ಲ ರಿಪೇರಿಯವರು ಮಾವನ ಹತ್ತಿರ ಮಾತಾಡಿ ಹೋಗುತ್ತಿದ್ದರಂತೆ, ಮಾವನಿಗೆ ಒಂದೂ ತಿಳಿಯುತ್ತಿರಲಿಲ್ಲವಂತೆ. "ಬೇಸರಾಗಿ ನಾನ ಬಿಚ್ಚಿದೆ ನೋಡ್ರಿ ಅಕ್ಕಾರ" ಎಂದಳು. ಮಾವ ಹೆಮ್ಮೆಯಿಂದ, "ನಮ್ಮ ಮನಿಯಾಗ ಡಾಕ್ಟರ್ ಅಂದ್ರ ಇಕಿನ" ಎಂದರು.

ಡಿಸ್ಕನ್ನು ಅವಳ ಯಂತ್ರಕ್ಕೆ ಜೋಡಿಸಿದೆವು. ಮೊದಲ ಸಲ ಏನೂ ಕಾಣಲಿಲ್ಲ. ಅವಳು ತಂತಿ ಬದಲಿಸಿ ಮತ್ತೆ ಚಾಲೂ ಮಾಡಿದಳು. ಪರದೆಯ ಮೇಲೆ ಒಂದೊಂದಾಗಿ ಕರವಸ್ತ್ರಗಳು ಮೂಡಿದವು: ತಿಳಿ ಗುಲಾಬಿ, ಇಟ್ಟಿಗೆ, ಬೀಟ್‌ರೂಟು. ಲಾರಿ ಮುಷ್ಕರದ ವಾರದ್ದು ಮಾತ್ರ ಅಚ್ಚ ಬಿಳಿ. ಅದನ್ನು ನೋಡಿ ನನಗೆ ಅಳು ಬಂತು. ಗಿರಿಜಾ ಏನೂ ಕೇಳದೆ ಎಲ್ಲವನ್ನೂ ಸಿ.ಡಿ.ಗಳಿಗೆ ಇಳಿಸಿ, ಎರಡೆರಡು ಪ್ರತಿ ಮಾಡಿ ಕೊಟ್ಟಳು.

ಹೊರಡುವಾಗ, "ಕೂಟದಾಗ ಹೇಳಿಬಿಡೋಣೇನು?" ಎಂದೆ.

ಅವಳ ನಗು ನಿಂತಿತು. "ಬ್ಯಾಡ್ರಿ ಅಕ್ಕಾರ. ಇವತ್ತು ನಾ ಹೇಳಿದ್ದು ಎಲ್ಲಾರೂ ಕೇಳ್ತಾರ. ನಾಳೆ, ಖರೇ ಏನು, ನಿಮ್ಮ ಮನಿಯವ್ರನ್ನ ಕೇಳಿ ಹೇಳ್ರಿ ಅಂದ್ರ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಆ ಮಾತೇ ಕಾಡಿತು.

ಪ್ರದರ್ಶನದಲ್ಲಿ ಹುಡುಗಿಯರು ಫೋಟೋಗಳನ್ನು ಸಾಲಾಗಿ ಅಂಟಿಸಿ ನಿಂತರು. ಬಹುಮಾನ ಬರಲಿಲ್ಲ. ಆದರೆ ತೀರ್ಪುಗಾರರೊಬ್ಬರು ಆ ಬಿಳಿ ವಾರದ ಮುಂದೆ ತುಂಬ ಹೊತ್ತು ನಿಂತು, "ಇದನ್ನೆಲ್ಲ ನಿಮಗ ಯಾರು ಮಾಡಿಕೊಟ್ರು?" ಎಂದು ಕೇಳಿದರು. ನಮ್ಮ ಹುಡುಗಿಯೊಬ್ಬಳು ಕೆನ್ನೆ ಕೆಂಪಗೆ ಮಾಡಿಕೊಂಡು, "ಯಾರೂ ಮಾಡಿಕೊಟ್ಟಿಲ್ರಿ. ನಾವ ಮಾಡೀವಿ" ಎಂದಳು. ಅಷ್ಟು ಸಣ್ಣ ದನಿಗೆ ಅಷ್ಟು ಗಟ್ಟಿತನ ಎಲ್ಲಿಂದ ಬಂತೋ.

ಊರಿಗೆ ಬಂದವಳೇ ಗಿರಿಜಾಗೆ ಫೋನ್ ಮಾಡಿ, "ನಿನ್ನ ಹೆಸರು ಹೇಳೂದಿಲ್ಲ, ನನ್ನದಷ್ಟ ಹೇಳ್ತೀನಿ" ಎಂದೆ. ಪ್ರದರ್ಶನದಲ್ಲಿ ನಮ್ಮ ಹುಡುಗಿ ಅಂದದ್ದನ್ನೂ ಹೇಳಿದೆ. ಅವಳು, "ಹಂಗಾರ ನನ್ನದೂ ಬರೀರಿ" ಎಂದಳು. ಯಂತ್ರಕ್ಕೂ ಅಷ್ಟರಲ್ಲಿ ಹೊಸ ತಂತಿ ಹಾಕಿದ್ದೆ. ನಾಲ್ಕೇ ಸಾಲು ಬರೆದೆ: ನಾನು ವಸುಧಾ, ಟೀಚರ್. ಸೋನಾಮಸೂರಿಯವರು ಗಿರಿಜಾ. ಇಬ್ಬರೂ ಸರ್ ಅಲ್ಲ. ಇಷ್ಟು ದಿನ ಹೇಳದಿದ್ದದ್ದಕ್ಕೆ ಕ್ಷಮೆ ಇರಲಿ.

ಕಳಿಸಿದೆ. ಉತ್ತರ ಇಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ. ಓದಿದವರ ಸಂಖ್ಯೆ ಮಾತ್ರ ಏರುತ್ತಿತ್ತು. ಯಾರೋ ಬಾಗಿಲ ತನಕ ಬಂದು ಇಣುಕಿ ಇಣುಕಿ ಹೋಗುತ್ತಿರುವ ಹಾಗೆ. ಸ್ಕೂಲಿನಿಂದ ಬಂದು ಚಪ್ಪಲಿ ಬಿಡದೆ ನೋಡಿದೆ, ಇಲ್ಲ. ಅನ್ನಕ್ಕಿಟ್ಟು ಬಂದು ನೋಡಿದೆ. ಒಂದು ಪತ್ರ. ಚಿತ್ರದುರ್ಗದ ಕಡೆಯ ಹೊಸಬನೊಬ್ಬ ಬರೆದಿದ್ದ:

'ಮೇಡಮ್, ಅದೆಲ್ಲ ಇರಲಿ. ನನ್ನ ಫ್ಯಾನು ತಿರುಗುತ್ತಿಲ್ಲ. ಏನು ಮಾಡಲಿ?'

ನಾನು ಜೋರಾಗಿ ನಕ್ಕೆ. ಏನಾಯಿತೆಂದು ನಮ್ಮವರು ಓಡಿ ಬಂದರು. ಒಳಗೆ ಕುಕ್ಕರು ಮೂರನೆಯ ಸಲ ಕೂಗುತ್ತಿತ್ತು. "ಅದನ್ನ ನೀವ ಆರಸ್ರಿ" ಎಂದು ಅವರಿಗೆ ಹೇಳಿ, ಕುರ್ಚಿ ಎಳೆದುಕೊಂಡು ಕೂತೆ.