ಕೆಂಪಣ್ಣನ ಮೂರನೇ ಬ್ಯಾಟರಿ

ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಎದುರು ನನ್ನದೊಂದು ಮೊಬೈಲ್ ರಿಪೇರಿ ಅಂಗಡಿಯಿತ್ತು. 2006ರಲ್ಲಿ ಅಲ್ಲಿ ನನ್ನ ತಲೆ ತಿಂದವರ ಪೈಕಿ ನುಗ್ಗೇಹಳ್ಳಿ ಕಡೆಯ ತೆಂಗು ಬೆಳೆಗಾರ ಕೆಂಪಣ್ಣನಿಗೇ ಮೊದಲ ಸ್ಥಾನ. ಒಂದೇ ವರ್ಷದಲ್ಲಿ ಮೂರನೇ ಬ್ಯಾಟರಿಯನ್ನು ಪೂರಿಯಂತೆ ಉಬ್ಬಿಸಿಕೊಂಡು ಬಂದಿದ್ದ.

“ಫುಲ್ ಆದ ತಕ್ಷಣ ಚಾರ್ಜರ್ ತೆಗೀರಿ ಅಂತ ಇನ್ನೆಷ್ಟು ಸಲ ಬಡ್ಕೋಬೇಕು ಕೆಂಪಣ್ಣ?” ಎಂದು ರೇಗಿದೆ.

“ತೆಗೆಯಕ್ಕೆ ಮನೇಲಿದ್ರೆ ತಾನೇ ಸಾ? ಕರೆಂಟ್ ಬಂದೇಟ್ಗೆ ಮೋಟ್ರು ಆಕಕ್ಕೆ ತ್ವಾಟಕ್ಕೆ ಓಡ್ತೀನಿ. ನೀರು ತಿರುಗ್ಸಕ್ಕೆ ನಮ್ಮನೆಯೋಳೂ ಜೊತೇಲೇ ಬತ್ತಾಳೆ. ಕರೆಂಟ್ ಹೋದ್ಮೇಲೇನೇ ಇಬ್ರೂ ಮನೆಗೆ ಬರಾದು.”

“ಹಾಗಾದ್ರೆ ಈ ಫೋನು ನಿಮ್ಮ ಜೇಬಲ್ಲಿರೋದು ಯಾವಾಗ?”

“ಕರೆಂಟ್ ಇಲ್ದೇ ಇದ್ದಾಗ.”

“ಆಗ ನಿಮಗೆ ಯಾರು ಫೋನ್ ಮಾಡ್ತಾರೆ?”

“ಲೈನ್‌ಮನ್ ಒಬ್ನೇ ಸಾ. ಕರೆಂಟ್ ಬಂತು ಅಂತಾನೆ. ತಕ್ಷಣ ಇದನ್ನ ಚಾರ್ಜಿಗೆ ಆಕ್ಬುಟ್ಟು ತ್ವಾಟಕ್ಕೆ ಓಡ್ತೀನಿ.”

ನಾನು ಅವನ ಮುಖವನ್ನೇ ನೋಡಿದೆ. ಇದರಲ್ಲಿ ನಗುವಂಥದ್ದೇನೂ ಅವನಿಗೆ ಕಂಡಿರಲಿಲ್ಲ. ನಾಲ್ಕನೇ ಬ್ಯಾಟರಿ ಹಾಕಿಕೊಟ್ಟೆ.