ಉಕ್ಕು ಮುಟ್ಟದ ಚಾಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಗಿಲ ಹೊರಗಿನ ತಟ್ಟೆಯಲ್ಲಿ ಬೀಗದ ಕೈ, ಕೈಗಡಿಯಾರ, ತಲೆಯ ಪಿನ್ನು ಎಲ್ಲವನ್ನೂ ಕಳಚಿಟ್ಟು ಈ ಪ್ರಯೋಗಾಲಯದ ಅಕ್ಕ ಒಳಗೆ ಹೋಗುತ್ತಾರೆ. ನನ್ನ ಬೆಲ್ಟನ್ನೂ ಬಿಚ್ಚಿಸಿದ್ದಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಒಂದು ಕೈಯಲ್ಲಿ ಪೆನ್ಸಿಲು, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ಹಿಂಬಾಲಿಸುತ್ತೇನೆ.

"ಕಬ್ಬಿಣ ಹೊರಗೆ, ಮನುಷ್ಯರು ಒಳಗೆ," ಎನ್ನುತ್ತಾರೆ, ನಗದೆ.

ಸತ್ತ ಮೇಲೆ ತಮ್ಮ ಮಿದುಳು ಸಂಶೋಧನೆಗೆ ಸಲ್ಲಲಿ ಎಂದವರ ಮಿದುಳುಗಳು ಬಂದು ಸೇರುವ ಜಾಗವಿದು. ಅವನ್ನು ಒಂದೇ ದಪ್ಪಕ್ಕೆ ಹೆಚ್ಚಿಕೊಡುವುದು ಇವರ ಕೆಲಸ. ಚಾಕು ಪಿಂಗಾಣಿಯದು, ಹಾಗಾಗಿ ಎಲ್ಲರ ಬಾಯಲ್ಲೂ ಇವರು ಪಿಂಗಾಣಿ ಅಕ್ಕ. ಹೆಚ್ಚುವ ಮುಂಚೆ ಪ್ರತಿ ಮಿದುಳಿನ ಮೇಲೂ ಅಂಗೈ ಇಡುತ್ತಾರೆ. ಪ್ರಾರ್ಥನೆಯೇ ಎಂದು ಕೇಳಿದೆ. "ಅಯ್ಯೋ, ಎಷ್ಟು ಮೆತ್ತಗಿದೆ ಅಂತ ನೋಡ್ತೀನಿ ಅಷ್ಟೇ."

ನಮ್ಮ ಮಿದುಳಿಗೆ ಕಬ್ಬಿಣ ಬೇಕು, ಆದರೆ ಅಂಕೆಯಲ್ಲಿರಬೇಕು. ಫೆರಿಟಿನ್ ಎಂಬ ಪ್ರೋಟೀನು ಅದನ್ನು ಮುಚ್ಚಳದ ಡಬ್ಬಿಯಂತೆ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಕೈಕಾಲು ನಡುಗುವ ಪಾರ್ಕಿನ್ಸನ್‌ನಂಥ ಕಾಯಿಲೆಗಳಲ್ಲಿ ಮಿದುಳಿನ ಕೆಲವು ಭಾಗಗಳಲ್ಲಿ ಕಬ್ಬಿಣ ಹೆಚ್ಚಾಗಿರುವುದು ಕಂಡುಬರುತ್ತದೆ. ಕಾಯಿಲೆಗೆ ಅದು ಕಾರಣವೋ ಪರಿಣಾಮವೋ, ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ಅಳೆಯುವ ಕೋಣೆಗೆ ಹೊರಗಿನ ಕಬ್ಬಿಣದ ಸುಳಿವೂ ಸೋಕಬಾರದು.

ಸೇರಿದ ಹೊಸತರಲ್ಲಿ ಅಕ್ಕ ಒಮ್ಮೆ ಅವಸರದಲ್ಲಿ ಉಕ್ಕಿನ ಚಾಕು ಎತ್ತಿಕೊಂಡಿದ್ದರು. ಆ ಅಳತೆ ಕೆಲಸಕ್ಕೆ ಬರಲಿಲ್ಲ. "ಆ ಮಿದುಳು ಕೊಟ್ಟ ಯಜಮಾನರ ಮಗಳು ಫೋನ್ ಮಾಡಿ, ನಮ್ಮಪ್ಪಂದು ಉಪಯೋಗಕ್ಕೆ ಬಂತಾ ಅಂತ ಕೇಳಿದ್ಲು."

ಅಕ್ಕ ಹೆಚ್ಚುವುದನ್ನು ಕಲಿತದ್ದು ಅಣ್ಣನ ಬೇಕರಿಯಲ್ಲಿ. ಬ್ರೆಡ್ಡಿನ ಹೋಳು ಕೂದಲೆಳೆಯಷ್ಟು ಹೆಚ್ಚು ದಪ್ಪವಾದರೂ ಅಣ್ಣನ ಮೂಗಿನ ತುದಿಗೆ ಕೋಪ ಬರುತ್ತಿತ್ತಂತೆ. ತಂಗಿ ಈ ಕೆಲಸಕ್ಕೆ ಸೇರಿದಾಗಲಂತೂ ಹೌಹಾರಿದ. "ಅಲ್ಲಿ ಮುಟ್ಟಿದ ಕೈಯಲ್ಲಿ ನನ್ನ ಬ್ರೆಡ್ ಮುಟ್ಬೇಡ ಅಂದ. ಹನ್ನೊಂದು ವರ್ಷ ನನ್ನ ಕೈಯಿಂದ ಒಂದು ಲೋಟ ನೀರೂ ಕುಡೀಲಿಲ್ಲ." ಇಷ್ಟು ಹೇಳಿ ಚಾಕು ಒರೆಸುತ್ತಾರೆ.

ಈಗ ಅಣ್ಣನಿಗೇ ನಡುಕದ ಕಾಯಿಲೆ. ಬೇಕರಿ ಮುಚ್ಚಿದೆ, ತುತ್ತು ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲುತ್ತದೆ. ಸಂಜೆ ಊಟ ಮಾಡಿಸುವುದು ತಂಗಿ. ಹೋದ ತಿಂಗಳು ಹಾಗೆ ಮಾಡಿಸುತ್ತಿದ್ದಾಗ ಅಣ್ಣ ತನ್ನ ಮಿದುಳನ್ನೂ ಕೊಡುವುದಾಗಿ ಹೇಳಿದ. ಅಷ್ಟಕ್ಕೇ ಬಿಡಲಿಲ್ಲ. "ಪುಟ್ಟೀ, ನೀನೇ ಹೆಚ್ಬೇಕು ಕಣೆ. ಬೇರೆಯವರು ದಪ್ಪ ದಪ್ಪ ಹೆಚ್ಚಿಬಿಡ್ತಾರೆ," ಎಂದ.

ಅಕ್ಕ ಅವತ್ತು ತಟ್ಟೆ ತೊಳೆಯುವ ನೆಪ ಮಾಡಿ ಎದ್ದುಹೋದರು. ಆಮೇಲೂ ಅಣ್ಣ ಎರಡು ಸಲ ಕೇಳಿದ್ದಾನೆ. ಇವರು ಮಾತು ಹಾರಿಸಿದ್ದಾರೆ.

ಇನ್ನೆರಡು ವರ್ಷಕ್ಕೆ ಇವರ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ.

"ನಾನು ಇಲ್ಲಿರೋವರೆಗೂ ಅವನು ಇಲ್ಲಿಗೆ ಬರಬಾರದು. ಅದೊಂದೇ." ಕೈಗವಸು ಬಿಚ್ಚುತ್ತಾರೆ. "ಅಣ್ಣಂಗೆ ಇನ್ನೂ ಹೂಂ ಅಂದಿಲ್ಲ. ಇಲ್ಲಿಯವರಿಗೆ ಮಾತ್ರ ಹೇಳಿಟ್ಟಿದ್ದೀನಿ. ಅವನು ಬಂದ ದಿನ ನಾನು ರಜೆಯಲ್ಲಿದ್ರೂ ಕರೀರಿ, ನಿವೃತ್ತಿ ಆಗಿದ್ರೂ ಕರೀರಿ. ಅವನನ್ನ ಇನ್ನೊಬ್ರು ಮುಟ್ಟೋದು ಬೇಡ."