ಮೊಬೈಲಿಗೆ ಹಿಡಿದ ಗ್ರಹಣ

ಮೊಬೈಲನ್ನು ಎಲ್ಲಿಡಬೇಕೆಂಬ ಪ್ರಶ್ನೆ ಮನುಕುಲವನ್ನು ಕಾಡತೊಡಗಿ ಹೆಚ್ಚು ವರ್ಷಗಳಾಗಿಲ್ಲ. ನಮ್ಮ ರೋಣದಲ್ಲಿ ಕೆಲವರು ಅದನ್ನು ದಾರ ಕಟ್ಟಿ ಕೊರಳಿಗೆ ತೂಗುಬಿಟ್ಟರೆ, ನಾನು ಅಂಗಿಯ ಕಿಸೆಯಲ್ಲಿಟ್ಟು ಊರಿಗೆಲ್ಲ ಕಾಣುವಂತೆ ಎದೆಯುಬ್ಬಿಸಿ ನಡೆಯುತ್ತಿದ್ದೆ. ಅಂಥ ನಾನೇ ಅದನ್ನು ಬಂದ್ ಮಾಡಿ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟ ಪ್ರಸಂಗವನ್ನು ನಿಮ್ಮೆದುರು ಹೇಳಿಕೊಳ್ಳದೆ ಗತ್ಯಂತರವಿಲ್ಲ.

ಆಗ ನನ್ನ ಹೆಂಡತಿ ಗಿರಿಜಾ ಐದು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲವಾದ್ದರಿಂದ ಮನೆಯವರೆಲ್ಲ ಉಸಿರು ಬಿಗಿಹಿಡಿದಿದ್ದೆವು. ಅಷ್ಟರಲ್ಲಿ, ಮೊಬೈಲಿನ ತರಂಗಗಳು ಹೊಟ್ಟೆಯಲ್ಲಿರುವ ಕೂಸಿನ ಸಂತಾನಶಕ್ತಿಗೂ ತೊಂದರೆ ಮಾಡಬಹುದೇ ಎಂಬ ಅನುಮಾನವನ್ನು ಪತ್ರಿಕೆಯ ಮೂಲೆಯೊಂದರಲ್ಲಿ ಓದಿದೆ. ಹೆಣ್ಣುಕೂಸಿನ ಅಂಡಾಣುಗಳು ಅದು ತಾಯಿಯ ಒಡಲಲ್ಲಿರುವಾಗಲೇ ರೂಪುಗೊಳ್ಳುತ್ತವೆಂಬುದು ವಿಜ್ಞಾನದ ಮಾಸ್ತರನಾದ ನನಗೆ ಗೊತ್ತಿದ್ದ ಸಂಗತಿಯೇ. ಅಂದರೆ ಕೂಸು ಹೆಣ್ಣಾಗಿದ್ದರೆ ಗಿರಿಜಾಳೊಳಗೆ ಮಗಳಷ್ಟೇ ಅಲ್ಲ, ಮೊಮ್ಮಕ್ಕಳ ಮೊದಲ ಮೊಳಕೆಯೂ ಇದ್ದಿರಬಹುದು! ಎಂಥ ಸೋಜಿಗ! ಮಗು ಹುಟ್ಟುವ ಮೊದಲೇ ಮೊಮ್ಮಕ್ಕಳ ಚಿಂತೆಗೆ ಬಿದ್ದ ಅಜ್ಜ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ದವಾಖಾನೆಯ ಡಾಕ್ಟರಮ್ಮನನ್ನು ವಿಚಾರಿಸಿದೆ. "ಖರೇ ಏನಂತ ಇನ್ನೂ ಯಾರಿಗೂ ಗೊತ್ತಿಲ್ರಿ. ಅಂಜಿಕಿ ಇದ್ರ ಸ್ವಲ್ಪ ದೂರ ಹಿಡದು ಮಾತಾಡ್ಲಿ" ಎಂದರು. "ಗೊತ್ತಿಲ್ಲ" ಎಂಬುದಷ್ಟೇ ನನ್ನ ಕಿವಿಯಲ್ಲುಳಿಯಿತು. ಫೋನು ಡಬ್ಬಿ ಸೇರಿತು, ನಮ್ಮವ್ವ ಕಾವಲಿಗೆ ನಿಂತಳು.

ಗ್ರಹಣದ ದಿನ ಬಸುರಿಯರನ್ನು ಒಳಕೋಣೆಯಲ್ಲಿ ಕೂರಿಸಿ ಈಳಿಗೆ ಮುಟ್ಟಗೊಡದ ಅವ್ವನನ್ನು ವರ್ಷಗಟ್ಟಲೆ ಗೇಲಿ ಮಾಡಿದವನು ನಾನು. ಈಗ ಅವಳ ಸಂಭ್ರಮ ಕೇಳಬೇಕೆ? "ಈಗರೆ ಬುದ್ಧಿ ಬಂತಲ್ಲೋ! ನನ್ನ ಗ್ರಹಣ ಎರಡು ತಾಸಿಗೆ ಬಿಡತಿತ್ತು, ನಿಂದು ಹಡಿಯೂತನಕ ಬಿಡಂಗಿಲ್ಲ!" ಎಂದು ನಕ್ಕಳು.

ನಗದಿದ್ದವಳು ಗಿರಿಜಾ. ಆ ಮಳೆಗಾಲ ಕೊಣ್ಣೂರಿನ ಸೇತುವೆ ಮುಳುಗಿ, ಹೊಳೆಯಾಚೆಯ ತವರಿನಿಂದ ಅವಳ ತಾಯಿ ಬರುವಂತಿರಲಿಲ್ಲ. ದಿನಾ ಸಂಜೆ ಫೋನಿನಲ್ಲಿ ಕೇಳುತ್ತಿದ್ದ ದನಿಯೂ ಈಗ ನಿಂತಿತು. ನಾಲ್ಕನೆಯ ದಿನ ಗಿರಿಜಾ ಊಟ ಬಿಟ್ಟಳು. ನಾನು ತರಂಗಗಳ ಕುರಿತು ಪಾಠ ಆರಂಭಿಸಿದೆ. ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಅಂದಳು:

"ಆ ಎರಡೂ ಸಲ ನಮ್ಮನ್ಯಾಗ ಫೋನ ಇರಲಿಲ್ಲಲ್ರೀ. ನನಗ ಭಾಳ ಅಂಜಿಕಿ ಆಗೇತಿ. ನಮ್ಮವ್ವನ ಕೂಡ ಮಾತಾಡಬೇಕ್ರಿ."

ಹುಟ್ಟದ ಮೊಮ್ಮಕ್ಕಳವರೆಗೆ ನೋಡಿದ ನನ್ನ ಕಣ್ಣಿಗೆ ಎದುರಿಗೆ ಕೂತವಳ ಭಯ ಕಂಡಿರಲಿಲ್ಲ, ನಾಚಿಕೆಯಾಯಿತು. ಫೋನು ತೆಗೆದು, ಸ್ಪೀಕರ್ ಹಾಕಿ, ಅವಳಿಂದ ಒಂದು ಮಾರು ದೂರ ಹಿಡಿದು ನಿಂತೆ.

"ಉಂಡಿಯೇನವಾ?" ಎಂದಿತು ಹೊಳೆಯಾಚೆಯ ದನಿ.

"ಉಣ್ಣಾಕ ಕುಂತೀನಿ ಬೇ" ಎಂದು ಗಿರಿಜಾ ತಾಟನ್ನು ಹತ್ತಿರ ಎಳೆದುಕೊಂಡಳು.